ನಿಮಗಿದು ಗೊತ್ತೆ? ಸಿಮೆಂಟ್ ಚೀಲದ ಇಂಗಾಲದ ತೂಕ

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆ ಹಳೆ ಮನೆ ದುರಸ್ತಿಗೆ ಹೊರಟವರು ರೂಪಾಯಿ ಲೆಕ್ಕದ ಜೊತೆಗೆ ಇಂಗಾಲದ ಲೆಕ್ಕವನ್ನೂ ಹಾಕಬಹುದು. ಸೂತ್ರ ಸರಳ: ಒಂದು ಕಿಲೋ ಸಾಮಗ್ರಿ ತಯಾರಾಗುವಾಗ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಎಷ್ಟೋ, ಅದನ್ನು ಒಟ್ಟು ತೂಕದಿಂದ ಗುಣಿಸಿ, ಸಾಗಣೆಯ ಪಾಲನ್ನು ಕೂಡಿಸಬೇಕು.

50 ಕಿಲೋದ ಒಂದು ಚೀಲ ಓಪಿಸಿ (ಸಾಮಾನ್ಯ ಪೋರ್ಟ್‌ಲ್ಯಾಂಡ್) ಸಿಮೆಂಟಿಗೆ ಸುಮಾರು 40ರಿಂದ 45 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಕುಲುಮೆಯನ್ನು 1450 ಡಿಗ್ರಿವರೆಗೆ ಕಾಯಿಸುವ ಕಲ್ಲಿದ್ದಲು ಇದಕ್ಕೆ ಅರ್ಧ ಕಾರಣವೂ ಅಲ್ಲ. ಸಿಮೆಂಟಿನ ಕಚ್ಚಾವಸ್ತುವಾದ ಸುಣ್ಣದಕಲ್ಲೇ ಶಾಖಕ್ಕೆ ಒಡೆದು ಈ ಅನಿಲ ಬಿಡುತ್ತದೆ; 100 ಕಿಲೋ ಶುದ್ಧ ಕಲ್ಲಿಗೆ 44 ಕಿಲೋ. ಇಂಧನ ಬದಲಿಸಿದರೂ ಈ ಪಾಲು ತಪ್ಪದು.

ತಗ್ಗಿಸುವ ದಾರಿ ಹತ್ತಿರದಲ್ಲೇ ಇದೆ. ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೋಲಾನಾ) ಸಿಮೆಂಟಿನಲ್ಲಿ ಸುಣ್ಣದಕಲ್ಲು ಸುಟ್ಟ ಭಾಗವನ್ನು ಕಡಿಮೆ ಮಾಡಿ ಶೇ 15ರಿಂದ 35ರಷ್ಟು ಹಾರುಬೂದಿ, ಅಂದರೆ ಕಲ್ಲಿದ್ದಲು ಉರಿದು ಉಳಿದ ನುಣ್ಣನೆ ಬೂದಿ, ಬೆರೆಸಿರುತ್ತಾರೆ. ಮಕ್ತಲ್‌ನಿಂದ ಕೃಷ್ಣೆ ದಾಟಿದರೆ ಸಿಗುವ ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಉಳಿಯುವುದೂ ಅಂಥದ್ದೇ ಬೂದಿ.

ನೆಲಕ್ಕೆ ಸೆರಾಮಿಕ್ ಟೈಲ್ಸ್ ಬೇಕಾದರೆ ಮಣ್ಣನ್ನು ಸಾವಿರ ಡಿಗ್ರಿಗೂ ಮೇಲೆ ಸುಡಬೇಕು. ಶಹಾಬಾದ್ ಪರಸಿಕಲ್ಲನ್ನಾದರೆ ಪದರ ಪದರವಾಗಿ ಎಬ್ಬಿಸಿ ಕತ್ತರಿಸಿದರೆ ಸಾಕು, ಸುಡುವ ಮಾತೇ ಇಲ್ಲ. ಸುಣ್ಣದ ಗಾರೆ ಇನ್ನೂ ಸೊಗಸು: ಒಣಗಿ ಗಟ್ಟಿಯಾಗುವಾಗ, ಸುಡುವಾಗ ಬಿಟ್ಟ ಅನಿಲದ ಒಂದಷ್ಟನ್ನು ಗಾಳಿಯಿಂದ ಮರಳಿ ಹೀರುತ್ತದೆ.

ಎಲ್ಲಕ್ಕಿಂತ ಹಗುರ ಲೆಕ್ಕ ಮನೆಯಲ್ಲೇ ಇರುವ ಸಾಮಗ್ರಿಯದು. ಹಳೆ ತೇಗದ ಬಾಗಿಲು, ಗಟ್ಟಿಯಿರುವ ಕಲ್ಲುಗೋಡೆ, ಹಾಸುಕಲ್ಲುಗಳನ್ನು ಒಡೆಸುವ ಮುನ್ನ ಮೇಸ್ತ್ರಿಯ ಜೊತೆ ಕುಳಿತು ಯಾವುದನ್ನು ಮತ್ತೆ ಬಳಸಬಹುದೆಂದು ಪಟ್ಟಿ ಮಾಡಿ.