ಪಂಚಮಿ ಉಂಡಿಗೆ ಎಂಥ ಶೇಂಗಾ?



ಮುಂಗಾರಿ ಬಿತ್ತಿಗೆ ಮುಗಿದು ಎಡೆ ಹೊಡೆಯುವ ಕೆಲಸ ನಡೆದಿರುವಾಗಲೇ ಶ್ರಾವಣ ಬಂದುಬಿಡುತ್ತದೆ. ಶ್ರಾವಣ ಬಂತೆಂದರೆ ಐದನೆಯ ದಿನಕ್ಕೆ ನಾಗರಪಂಚಮಿ. ಹೂಲಿಯಿರಲಿ, ಸವದತ್ತಿಯಿರಲಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯ ಯಾವ ಹಳ್ಳಿಯೇ ಇರಲಿ, ಇದು ಹೆಣ್ಣುಮಕ್ಕಳ ಹಬ್ಬ. ಅಣ್ಣನಾದವನು ಹೋಗಿ ತಂಗಿಯನ್ನು ಕರೆದುಕೊಂಡು ಬರಬೇಕು. ಗಿಡಕ್ಕೆ ಜೋಕಾಲಿ ಕಟ್ಟಬೇಕು. ನಾಗಪ್ಪನಿಗೆ ಹಾಲೆರೆಯಬೇಕು. ಇದೆಲ್ಲದರ ಜೊತೆಗೆ ಉಂಡಿ ಕಟ್ಟಬೇಕು. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ರವೆ ಉಂಡಿ, ತಂಬಿಟ್ಟು, ಅಳ್ಳಿಟ್ಟು, ಹೀಗೆ ಕೈಲಾದಷ್ಟು ತರಹ.

ಈ ಉಂಡಿಯಲ್ಲಿ ಮನೆಯವರು ತಿನ್ನುವದಕ್ಕಿಂತ ಕೊಡುವದೇ ಹೆಚ್ಚು, ಹೌದಲ್ಲ? ಓಣಿಯ ಮನೆಗಳಿಗೆ ತಾಟಿನಲ್ಲಿ, ಬೀಗರ ಮನೆಗೆ ಡಬ್ಬಿಯಲ್ಲಿ, ಹಬ್ಬಕ್ಕೆ ಬರಲಾಗದ ಮಗಳಿಗೆ ಬಸ್ಸಿಗೆ ಹೋಗುವವರ ಕೈಯಲ್ಲಿ. ಪಂಚಮಿ ಮುಗಿಸಿ ಗಂಡನ ಮನೆಗೆ ಹೊರಟವಳ ಬುತ್ತಿಯಲ್ಲಂತೂ ಉಂಡಿ ಇರಲೇಬೇಕು. ಅದು ತವರುಮನೆಯ ಮಾನ.

ಉಂಡಿ ಕಟ್ಟುವದನ್ನು ಕೃಷಿ ಖಾತೆಯವನು ಕಲಿಸಬೇಕೇ ಎಂದು ತಾವು ನಗಬಹುದು. ಕಟ್ಟುವದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಇಂದು ಹೇಳಬೇಕೆಂದಿರುವದು ಉಂಡಿಯೊಳಗಿನ ಕಾಳಿನ ಮಾತು. ಅದು ಹೊಲದಿಂದ ಬಂದದ್ದು. ಆದಕಾರಣ ನನ್ನ ಕೆಲಸಕ್ಕೆ ಸೇರಿದ್ದು.

ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. ಕೆಲ ವರ್ಷಗಳ ಹಿಂದೆ ಸುಗ್ಗಿಯಲ್ಲಿ ಬಂದ ಶೇಂಗಾವನ್ನು ನಾನೇ ನಿಂತು ಪೇಟೆಗೆ ಕಳಿಸಿದೆ. ದಪ್ಪ ಕಾಯೆಲ್ಲ ಪೇಟೆಗೆ ಹೋಯಿತು. ಜೊಳ್ಳು, ಒಡಕು, ಮಳೆಗೆ ಸಿಕ್ಕ ಕಾಯಿ ಒಂದು ಚೀಲ ಮನೆಗೆ ಉಳಿಯಿತು. ಆ ಚೀಲವನ್ನು ಗೋಡೆಗೆ ತಾಗಿಸಿ ಬರಿ ನೆಲದ ಮೇಲೆ ಇಟ್ಟೆ. ಆಷಾಢದ ಮಳೆಗೆ ಗೋಡೆ ಥಂಡಿ ಹಿಡಿಯಿತು. ಪಂಚಮಿಗೆ ಅವ್ವ ಚೀಲ ಬಿಚ್ಚಿ, “ಯಾಕೋ ವಾಸನಿ ಬರಾಕತ್ತೈತಿ” ಅಂದಳು. “ಹುರಿದರ ಎಲ್ಲಾ ಹೋಗತೈತಿ” ಅಂದವನು ನಾನೇ. ಡಿಪ್ಲೋಮಾ ಓದಿದವನ ಮಾತು, ಅವ್ವ ನಂಬಿದಳು. ತಂಗಿ ಆ ಉಂಡಿಯ ಡಬ್ಬಿ ಒಯ್ದು ಅತ್ತೆಯ ಮನೆಯಲ್ಲಿ ನಾಲ್ಕು ಜನರ ಎದುರು ಬಿಚ್ಚಿದಾಗ ಕಮಟು ವಾಸನೆ ಹೊಡೆಯಿತಂತೆ. ಯಾರೂ ಏನೂ ಅನ್ನಲಿಲ್ಲ. ಯಾರೂ ತಿನ್ನಲೂ ಇಲ್ಲ. ಆಗ ಅವಳು ಬಸುರಿ. ಅವಳು ಅದನ್ನು ತಿನ್ನಲಿಲ್ಲವೆಂದು ಕೇಳಿ ನಾನು ಸಮಾಧಾನಪಟ್ಟೆ. ಯಾಕೆಂದರೆ ಕಮಟು ವಾಸನೆಯದು ಬರಿ ರುಚಿಯ ದೋಷ. ಬೂಷ್ಟು ಹಿಡಿದ ಶೇಂಗಾದಲ್ಲಿ ಅದಕ್ಕಿಂತ ದೊಡ್ಡ ದೋಷ ಇರುವದುಂಟು.

ಅದೇನೆಂದು ತಿಳಿದುಕೊಳ್ಳೋಣ. ಶೇಂಗಾ ಕಾಳಿನಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಗಾಳಿ, ಬಿಸಿಲು, ಥಂಡಿ ತಾಗಿದಷ್ಟೂ ಆ ಎಣ್ಣೆ ಕೆಟ್ಟು ಕಮಟಾಗುತ್ತದೆ. ಇದು ಮೊದಲನೆಯದು. ಎರಡನೆಯದು, ಸರಿಯಾಗಿ ಒಣಗದ ಕಾಳಿನ ಮೇಲೆ ಹಳದಿ-ಹಸಿರು ಬಣ್ಣದ ಒಂದು ಬೂಷ್ಟು ಬೆಳೆಯುತ್ತದೆ. ಅದರ ಹೆಸರು ಆಸ್ಪರ್ಜಿಲ್ಲಸ್ ಫ್ಲೇವಸ್. ಇದು ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಈ ವಿಷಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಹುರಿದರೆ ಬೂಷ್ಟು ಸಾಯುತ್ತದೆ, ಆದರೆ ವಿಷ ಪೂರ್ತಿ ಹೋಗುವದಿಲ್ಲ. ನಾನು ಅವ್ವನಿಗೆ ಹೇಳಿದ ಮಾತು ತಪ್ಪಾದದ್ದು ಇಲ್ಲಿಯೇ.

ಈ ವಿಷ ಜಗತ್ತಿಗೆ ಗೊತ್ತಾದದ್ದೂ ಶೇಂಗಾದಿಂದಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ, ಅವುಗಳಿಗೆ ತಿನ್ನಿಸಿದ ಶೇಂಗಾ ಹಿಂಡಿಯಲ್ಲಿ ಈ ವಿಷ ಸಿಕ್ಕಿತು. ನಮ್ಮ ದೇಶದಲ್ಲಿ 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ, ಮಳೆಗೆ ಸಿಕ್ಕು ಬೂಷ್ಟು ಹಿಡಿದ ಗೋವಿನಜೋಳವನ್ನು ಬಡಜನ ವಾರಗಟ್ಟಲೆ ಉಂಡರು. ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಪಂಚಮಿಯ ಒಂದು ಉಂಡಿಯಿಂದ ಹಾಗಾಗುತ್ತದೆಂದು ನಾನು ಹೆದರಿಸುವದಿಲ್ಲ. ಆದರೆ ಸ್ವಲ್ಪ ಸ್ವಲ್ಪವೇ ಹೊಟ್ಟೆಗೆ ಹೋಗುತ್ತಿದ್ದರೂ ವರ್ಷಗಳ ಮೇಲೆ ಇದು ಪಿತ್ತಜನಕಾಂಗವನ್ನು, ಅಂದರೆ ನಾವು ಲಿವರ್ ಅನ್ನುವ ಅಂಗವನ್ನು ಕೆಡಿಸುತ್ತದೆ. ಬಸುರಿಯರೂ ಸಣ್ಣ ಮಕ್ಕಳೂ ಹೆಚ್ಚು ಎಚ್ಚರ ವಹಿಸತಕ್ಕದ್ದು.

ಒಂದು ಸಮಾಧಾನದ ಸಂಗತಿಯಿದೆ. ಈ ವಿಷ ಎಲ್ಲ ಕಾಳಿನಲ್ಲೂ ಸಮನಾಗಿ ಹರಡಿರುವದಿಲ್ಲ. ಬಹುಪಾಲು ಅದು ಸುಕ್ಕುಗಟ್ಟಿದ, ಬಣ್ಣಗೆಟ್ಟ, ಒಡೆದ, ಹುಳು ಕಡಿದ ಕಾಳುಗಳಲ್ಲಿ ಇರುತ್ತದೆ. ಅಂದರೆ ಕೈಯಿಂದ ಆರಿಸಿ ತೆಗೆದರೆ ದೋಷದ ದೊಡ್ಡ ಪಾಲು ಹೊರಗೆ ಹೋದಂತೆ. ನಮ್ಮ ತಾಯಂದಿರು ಮರದಲ್ಲಿ ಕಾಳು ಹಾಕಿಕೊಂಡು ಆರಿಸುತ್ತಿದ್ದದ್ದು ಸುಮ್ಮನೆ ಅಲ್ಲ.

ಈಗ ಹಬ್ಬಕ್ಕೆ ಎಷ್ಟು ಕಾಳು ಬೇಕು, ಲೆಕ್ಕ ಹಾಕೋಣ. ಒಂದು ಉಂಡಿ 40 ಗ್ರಾಂ ತೂಗುತ್ತದೆಂದು ತಿಳಿಯಿರಿ. 200 ಉಂಡಿಗೆ 8 ಕಿಲೋ ಹಿಟ್ಟು ಬೇಕು. ಅದರಲ್ಲಿ 3 ಕಿಲೋ ಬೆಲ್ಲ. ಉಳಿದದ್ದಕ್ಕೆ ಐದೂವರೆ ಕಿಲೋ ಕಾಳು. ಆರಿಸಿ ಬಿಸಾಡುವದನ್ನೂ ಹಿಡಿದು 9 ಕಿಲೋ ಕಾಯಿ ಇದ್ದರೆ ಸಾಕು. ಇಡೀ ಸುಗ್ಗಿಯಲ್ಲಿ 9 ಕಿಲೋ ಒಳ್ಳೆಯ ಕಾಯಿ! ಇಷ್ಟು ಸಣ್ಣ ಗಂಟಿನ ಸಲುವಾಗಿ ನಾವು ಒಳ್ಳೆಯದೆಲ್ಲ ಪೇಟೆಗೆ, ಉಳಿದದ್ದು ಮನೆಗೆ ಎನ್ನುತ್ತೇವೆ.

ಹಬ್ಬಕ್ಕೆ ಎಂಟು ದಿನ ಇರುವಾಗಲೇ ಕಾಯಿ ತೆಗೆದು ನೋಡಿರಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನಬೇಕು. ಕಾಳು ಮುರಿದರೆ ಟಪ್ಪನೆ ಮುರಿಯಬೇಕು. ಬಾಗಿದರೆ ಥಂಡಿ ಇದೆಯೆಂದು ಅರ್ಥ. ಮಳೆ ಬಿಟ್ಟ ಒಂದು ದಿನ ನೋಡಿ ಬಿಸಿಲಿಗೆ ಹಾಕಿರಿ. ಸುಲಿಯುವಾಗ ಕಾಳು ಒಡೆಯಬಾರದೆಂದು ಕಾಯಿಗೆ ನೀರು ಚಿಮುಕಿಸುವ ರೂಢಿ ಕೆಲವರಲ್ಲಿದೆ. ಇದನ್ನು ಎಂದೂ ಮಾಡಬೇಡಿರಿ. ಬೂಷ್ಟನ್ನು ನಾವೇ ಕರೆದಂತೆ. ಸುಲಿದ ಕಾಳನ್ನು ಬೆಳಕಿಗೆ ಕೂತು ಆರಿಸಿ, ಅನುಮಾನ ಬಂದ ಕಾಳನ್ನು ಎರಡು ಹೋಳು ಮಾಡಿ ನೋಡಿರಿ. ಒಳಗೆ ಹಳದಿ ಅಥವಾ ಕಪ್ಪು ಕಂಡರೆ ಬಿಸಾಡಿರಿ. ರುಚಿ ಕಹಿಯಾದರೆ ಉಗುಳಿರಿ.

ಬಿಸಾಡುವದೆಂದರೆ ಎಲ್ಲಿಗೆ? ಎಮ್ಮೆಯ ಮುಂದೆ ಸುರಿಯಬಾರದು. ಅದು ತಿಂದ ವಿಷದ ಅಂಶ ಹಾಲಿಗೆ ಇಳಿದು ತಿರುಗಿ ನಮ್ಮ ಮಕ್ಕಳ ಬಟ್ಟಲಿಗೇ ಬರುತ್ತದೆ. ಗಾಣಕ್ಕೂ ಹಾಕಬಾರದು. ಮಣ್ಣಲ್ಲಿ ಹುಗಿಯುವದೇ ಸರಿ.

ಇನ್ನು ಕಟ್ಟುವ ಮಾತು. ಕಾಳನ್ನು ಸಣ್ಣ ಉರಿಯಲ್ಲಿ, ಕೈ ಬಿಡದೆ ಹುರಿಯಿರಿ. ದೊಡ್ಡ ಉರಿಯಲ್ಲಿ ಹೊರಗೆ ಕರಕಾಗಿ ಒಳಗೆ ಹಸಿ ಉಳಿಯುತ್ತದೆ. ಆ ಹಸಿಯಿಂದಲೇ ಉಂಡಿ ಬೇಗ ಕೆಡುವದು. ಪೂರ್ತಿ ಆರಿದ ಮೇಲೆ ತಿಕ್ಕಿ ಸಿಪ್ಪೆ ಕೇರಿ, ತರಿತರಿಯಾಗಿ ಕುಟ್ಟಿರಿ. ಸಿಪ್ಪೆ ಕೇರುವಾಗ ಮತ್ತೊಮ್ಮೆ ಕಣ್ಣಾಡಿಸಿರಿ. ಹುರಿದ ಮೇಲೂ ಬಣ್ಣ ಕಪ್ಪಾಗಿ ಕಾಣುವ ಕಾಳು ಸಿಗುತ್ತವೆ. ಒಂದು ಕಿಲೋ ಪುಡಿಗೆ 600 ಗ್ರಾಂ ಕುಟ್ಟಿದ ಬೆಲ್ಲ, ರುಚಿಗೆ ಏಲಕ್ಕಿ. ಎರಡನ್ನೂ ಕೂಡಿಸಿ ಇನ್ನೊಮ್ಮೆ ಕುಟ್ಟಿದರೆ ಶೇಂಗಾದ ಎಣ್ಣೆಯೇ ಬಿಟ್ಟು ಉಂಡಿ ಕಟ್ಟಲು ಬರುತ್ತದೆ. ನೀರು, ಹಾಲು ಬೇಕಿಲ್ಲ. ಹಾಲು ಹಾಕಿದ ಉಂಡಿ ಎರಡು ದಿನವೂ ತಡೆಯಲಿಕ್ಕಿಲ್ಲ. ಊರಿಂದ ಊರಿಗೆ ಕಳಿಸುವದಕ್ಕಂತೂ ಬೇಡ. ಕೈ, ಒರಳು, ಪರಾತ ಎಲ್ಲ ಒಣಗಿರಲಿ.

ಪಾಕದ ಉಂಡಿ ಮಾಡುವವರು ಪಾಕದ ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು ನೋಡಬೇಕು. ಕರಗಿ ಹರಡಿದರೆ ಇನ್ನೂ ಆಗಿಲ್ಲ. ಬೆರಳಿಗೆ ಮೆತ್ತಗೆ ಗುಂಡಾಗಿ ಸಿಕ್ಕರೆ ಕೂಡಲೆ ಇಳಿಸಿರಿ. ಗಡುಸಾದರೆ ಅಜ್ಜಿಯ ಹಲ್ಲಿಗೆ ಬಾರದು. ಬೆಲ್ಲ ಕೊಳ್ಳುವಾಗ ಹೊಳೆಯುವ ಬಿಳಿ ಹಳದಿಗೆ ಮರುಳಾಗಬೇಡಿರಿ. ಬಣ್ಣ ಬರಿಸುವ ಸಲುವಾಗಿ ರಾಸಾಯನಿಕ ಹಾಕುವವರಿದ್ದಾರೆ. ಕಂದು ಬಣ್ಣದ ಬೆಲ್ಲ ನೋಡಲು ಸಾದಾ, ಉಣ್ಣಲು ಒಳ್ಳೆಯದು.

ಡಬ್ಬಿ ತುಂಬುವಾಗ ಅವಸರ ಬೇಡ. ಬಿಸಿ ಇರುವಾಗಲೇ ಮುಚ್ಚಳ ಹಾಕಿದರೆ ಉಗಿ ನೀರಾಗಿ ಉಂಡಿಯ ಮೇಲೆ ಬೀಳುತ್ತದೆ. ಶ್ರಾವಣದ ಥಂಡಿ ಹವೆಯಲ್ಲಿ ಇಷ್ಟೇ ಸಾಕು ಬೂಷ್ಟು ಹತ್ತಲಿಕ್ಕೆ. ಒಣಗಿದ ಸ್ಟೀಲಿನ ಡಬ್ಬಿಯಲ್ಲಿ ತುಂಬಿ ಬಿಗಿಯಾಗಿ ಮುಚ್ಚಿರಿ. ಓಣಿಗೆ ಕೊಡುವಾಗಲೂ ವರ್ತಮಾನಪತ್ರಿಕೆಯಲ್ಲಿ ಸುತ್ತಬಾರದು; ಎಣ್ಣೆಗೆ ಅಚ್ಚಿನ ಮಸಿ ಹತ್ತುತ್ತದೆ. ದೂರ ಕಳಿಸುವ ಡಬ್ಬಿಯಲ್ಲಿ ಕಟ್ಟಿದ ತಾರೀಖಿನ ಒಂದು ಚೀಟಿ ಇಡಿರಿ. ಹತ್ತು-ಹದಿನೈದು ದಿನದಲ್ಲಿ ತಿಂದು ಮುಗಿಸಲಿ. ಐದು ವರ್ಷದೊಳಗಿನ ಕೂಸುಗಳಿಗೆ ಇಡಿ ಕಾಳಿನ ಉಂಡಿ ಕೊಡಬೇಡಿರಿ, ಗಂಟಲಲ್ಲಿ ಸಿಕ್ಕೀತು. ಶೇಂಗಾ ತಿಂದರೆ ಮೈಮೇಲೆ ಗಂಧೆ ಏಳುವವರು, ದಮ್ಮು ಹತ್ತುವವರು ಇದ್ದರೆ ಅವರಿಗೆ ಇದು ಬೇಡವೇ ಬೇಡ.

ರೈತ ಬಂಧುಗಳೇ, ಇಷ್ಟು ಹೊತ್ತು ತಾಯಂದಿರಿಗೆ ಹೇಳಿದೆ. ಈಗ ತಮ್ಮ ಪಾಲಿನ ಕೆಲಸ. ಬರುವ ಪಂಚಮಿಯ ಉಂಡಿ ಹಿಂದಿನ ಸುಗ್ಗಿಯಲ್ಲಿಯೇ ಸಿದ್ಧವಾಗುತ್ತದೆ. ಶೇಂಗಾ ಕಿತ್ತ ಕೂಡಲೆ ಕಾಯಲ್ಲಿ ನೀರಿನ ಅಂಶ ನೂರಕ್ಕೆ ಮೂವತ್ತರ ಮೇಲೆಯೇ ಇರುತ್ತದೆ. ಅದು ಎಂಟು-ಒಂಬತ್ತಕ್ಕೆ ಇಳಿಯುವವರೆಗೆ ಒಣಗಿಸಬೇಕು. ಕಿತ್ತ ಬಳ್ಳಿಯನ್ನು ಕಾಯಿ ಮೇಲಾಗಿ ಹರಡಿದರೆ ಗಾಳಿ-ಬಿಸಿಲು ಚೆನ್ನಾಗಿ ತಾಗುತ್ತದೆ. ಎರಿ ಹೊಲದ ಕಾಯಿಗೆ ಮಣ್ಣು ಮೆತ್ತಿರುವದರಿಂದ ಅದನ್ನು ಬಡಿದು ಬಿಡಿಸಿ ಒಣಗಿಸಿರಿ. ಗೊಣ್ಣೆಹುಳು, ಗೆದ್ದಲು ಕಡಿದ ಕಾಯಿ, ಗುದ್ದಲಿ ತಾಗಿ ಒಡೆದ ಕಾಯಿ ಬೇರೆ ಮಾಡಿರಿ. ಕಾಯಿ ಬಲಿಯುವ ಕೊನೆಯ ಮೂರು-ನಾಲ್ಕು ವಾರ ಮಳೆ ಕೈಕೊಟ್ಟ ವರ್ಷ ಬೂಷ್ಟಿನ ಕಾಟ ಹೊಲದಲ್ಲಿಯೇ ಹತ್ತುತ್ತದೆ. ನೀರು ಇದ್ದವರು ಆಗ ಒಂದು ಸಲ ಹಾಯಿಸಿದರೆ ಲಾಭ.

ಒಣಗಿದ ಒಳ್ಳೆಯ ಕಾಯಿ ಒಂದು ಸಣ್ಣ ಚೀಲದಷ್ಟು ತೂಕದ ಕಲ್ಲಿಗೆ ಹಾಕುವ ಮೊದಲೇ ತೆಗೆದಿಡಿರಿ. ಅದನ್ನು ಹಲಗೆಯ ಮೇಲೆ, ಗೋಡೆಯಿಂದ ಅರ್ಧ ಮೊಳ ಬಿಟ್ಟು, ಗೊಬ್ಬರ ಮತ್ತು ಔಷಧದ ಡಬ್ಬಿಗಳಿಂದ ದೂರ ಇಡಿರಿ. ಬೇಸಿಗೆ ಶೇಂಗಾ ಬೆಳೆಯುವವರಿಗೆ ಇನ್ನೂ ಅನುಕೂಲ; ಅದು ಹಬ್ಬಕ್ಕೆ ಎರಡು-ಮೂರು ತಿಂಗಳ ಹಿಂದಿನ ಹೊಸ ಕಾಳು.

ನಮ್ಮ ಮನೆಯಲ್ಲಿ ಈಗ ಹಾಗೆಯೇ ಮಾಡುತ್ತೇವೆ. ಆ ಚೀಲಕ್ಕೆ ಅವ್ವ ಕೆಂಪು ದಾರ ಕಟ್ಟುತ್ತಾಳೆ. “ಇದು ನಿಮ್ಮ ಪ್ಯಾಟಿದಲ್ಲ, ನನ್ನ ಮಗಳದು” ಎನ್ನುತ್ತಾಳೆ. ಪೇಟೆಯ ದರ ಎಷ್ಟೇ ಏರಲಿ, ಅದಕ್ಕೆ ನಾನು ಕೈ ಹಚ್ಚುವಂತಿಲ್ಲ.

ನೂಲಿನಂತೆ ಸೀರೆ ಎಂಬ ಗಾದೆ ತಮಗೆ ಗೊತ್ತೇ ಇದೆ. ಹಾಗೆಯೇ ಕಾಳಿನಂತೆ ಉಂಡಿ. ಈ ಸಲ ಸುಗ್ಗಿಯಲ್ಲಿ ತಾವೂ ಒಂದು ಚೀಲಕ್ಕೆ ಕೆಂಪು ದಾರ ಕಟ್ಟಿರಿ.