ಚಿನ್ನದ ಬೆನ್ನೇರಿದ ಇನ್ಸುಲಿನ್

ಚಿನ್ನದ ಲವಣ ಕರಗಿಸಿದ ನೀರು ತಿಳಿ ಹಳದಿ. ಅದಕ್ಕೆ ಸೀಗಡಿ, ಏಡಿಗಳ ಚಿಪ್ಪಿನಿಂದ ತೆಗೆದ ಕೈಟೋಸಾನ್ ಬೆರೆಸಿ ಕಾಯಿಸಿದರೆ ಚಿನ್ನ ನ್ಯಾನೊ ಕಣಗಳಾಗಿ ಕಟ್ಟಿ, ದ್ರಾವಣ ಕೆಂಪೇರುತ್ತದೆ. ಪುಣೆಯಲ್ಲಿ ಈ ಕೆಂಪು ದ್ರಾವಣಕ್ಕೆ ಇನ್ಸುಲಿನ್ ಹೊರಿಸಿ, ಮಧುಮೇಹ ಬರಿಸಿದ ಇಲಿಗಳಿಗೆ ಕುಡಿಸಿದರು.

ಸೂಜಿಯಿಲ್ಲದ ಇನ್ಸುಲಿನ್ ಹಳೆಯ ಹಂಬಲ. ಟೊರಾಂಟೊದಲ್ಲಿ ಹದಿನಾಲ್ಕರ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟದ್ದು 1922ರ ಜನವರಿಯಲ್ಲಿ. ಮರುವರ್ಷವೇ ಬ್ರಿಟನ್ನಿನಲ್ಲಿ ಮದ್ಯಸಾರದಲ್ಲಿ ಬೆರೆಸಿ ಬಾಯಿಗೆ ಕೊಟ್ಟು ನೋಡಿದರು. ಆದರೆ ಇನ್ಸುಲಿನ್ ಒಂದು ಪ್ರೋಟೀನ್. ಹೊಟ್ಟೆ ಅದನ್ನು ತೊಗರಿಬೇಳೆಯಂತೆಯೇ ಅರಗಿಸಿಬಿಡುತ್ತದೆ. ಅಳಿದುಳಿದದ್ದು ಕರುಳಿನ ಗೋಡೆ ದಾಟದು. ದಾಟಿದರೆ ಮಾತ್ರ ಲಾಭ ದೊಡ್ಡದು: ಮೇದೋಜೀರಕದ ಸ್ವಂತ ಇನ್ಸುಲಿನ್‌ನಂತೆ ಅದೂ ಮೊದಲು ಯಕೃತ್ತಿಗೆ ಹೋಗುತ್ತದೆ.

ಪುಣೆಯ ಪಾಷಾಣ್‌ನ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುರಳಿ ಶಾಸ್ತ್ರಿ ಚಿನ್ನದ ನ್ಯಾನೊ ಕಣಗಳಲ್ಲಿ ಪಳಗಿದವರು. ಪೂನಾ ಕಾಲೇಜ್ ಆಫ್ ಫಾರ್ಮಸಿಯ ವರ್ಷಾ ಪೋಖರ್ಕರ್ ಔಷಧ ತಯಾರಿಕೆ ಬಲ್ಲವರು. ಇಬ್ಬರ ತಂಡಗಳು 2006ರಲ್ಲಿ ಚಿನ್ನದ ಕಣಗಳ ಮೇಲೆ ಇನ್ಸುಲಿನ್ ಕೂರಿಸಿದವು. 2007ರಲ್ಲಿ ಕೈಟೋಸಾನ್ ಬಂತು. ಅದೇ ಚಿನ್ನದ ಕಣ ಕಟ್ಟುತ್ತದೆ, ಅದೇ ಲೋಳೆಪೊರೆಗೆ ಅಂಟಿ ಜೀವಕೋಶಗಳ ನಡುವಿನ ಬಿಗಿ ಸಡಿಲಿಸುತ್ತದೆ. ಬಾಯಿಯಿಂದ ಕೊಟ್ಟಾಗ ಇಲಿಗಳ ರಕ್ತದ ಸಕ್ಕರೆ ಸುಮಾರು ಶೇ 30 ಇಳಿಯಿತು, ಮೂಗಿನಿಂದ ಕೊಟ್ಟಾಗ ಸುಮಾರು ಶೇ 20.

ತೊಡಕು ಪ್ರಮಾಣದ್ದು. ಇಲಿಗಳ ಬಾಯಿಗೆ ಬೇಕಾದದ್ದು ಕಿಲೋ ತೂಕಕ್ಕೆ 50 ಯೂನಿಟ್. ಚುಚ್ಚಿಕೊಳ್ಳುವವರಿಗೆ ದಿನಕ್ಕೆ ಸಾಮಾನ್ಯವಾಗಿ ಕಿಲೋಗೆ ಅರ್ಧದಿಂದ ಒಂದು ಯೂನಿಟ್ ಸಾಕು. ಈ ಅಂತರ ಜಗತ್ತನ್ನೇ ಕಾಡಿದೆ. ನೊವೊ ನಾರ್ಡಿಸ್ಕ್‌ನ ಮಾತ್ರೆ ಮನುಷ್ಯರಲ್ಲಿ ಚುಚ್ಚುಮದ್ದಿಗೆ ಸರಿಸಮವಾಗಿ ಫಲಿಸಿದೆ ಎಂದು 2019ರಲ್ಲಿ ಪ್ರಕಟವಾಯಿತು. ಆದರೂ ಅಷ್ಟು ಇನ್ಸುಲಿನ್ ಸುರಿಯುವುದು ಗಿಟ್ಟದೆಂದು ಕಂಪನಿ ಅಷ್ಟರಲ್ಲೇ ಕೈಬಿಟ್ಟಿತ್ತು.

ನಮ್ಮ ಬೆಂಗಳೂರಿನ ಬಯೋಕಾನ್ 2006ರಲ್ಲಿ ಅಮೆರಿಕದ ನೋಬೆಕ್ಸ್‌ನಿಂದ ಕೊಂಡ ಮಾತ್ರೆಯನ್ನು ಭಾರತದ ರೋಗಿಗಳ ಮೇಲೆ ಮೂರನೇ ಹಂತದವರೆಗೆ ಪರೀಕ್ಷಿಸಿತು. 2011ರಲ್ಲಿ ಗುರಿ ತಪ್ಪಿತು: ಹುಸಿಮಾತ್ರೆ ನುಂಗಿದವರ ಸಕ್ಕರೆಯೂ ಇಳಿದಿತ್ತು. ಸೋಲಾದರೂ ಅದೊಂದು ಉತ್ತರ.

ಪುಣೆಯ ಪ್ರಶ್ನೆಗೆ ಆ ಉತ್ತರವೂ ಸಿಗಲಿಲ್ಲವೆಂಬುದೇ ನನ್ನ ಸಂಕಟ. ಇಲಿಗೆ ಒಗ್ಗಿದ್ದು ಮನುಷ್ಯನಿಗೆ ಒಗ್ಗಬೇಕೆಂದಿಲ್ಲ. ಒಗ್ಗುವುದಿಲ್ಲವೆಂದು ತಿಳಿಯುವುದಕ್ಕೂ ಹಣ ಬೇಕು, ವರ್ಷಗಳು ಬೇಕು, ಬೆನ್ನುಹತ್ತುವವರು ಬೇಕು. ಪ್ರಬಂಧ ಅಚ್ಚಾದೊಡನೆ ಕೆಲಸ ಮುಗಿಯಿತೆಂದು ಬಗೆಯುವ ದೇಶದಲ್ಲಿ ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುವ ಮಗುವಿಗೆ ಬೇರೆಯವರ ಮಾತ್ರೆಗಾಗಿ ಕಾಯುವುದೊಂದೇ ಉಳಿಯುತ್ತದೆ.