ಜೋಳವೆಂದರೆ ಯಾವ ಜೋಳ?

ನನ್ನ ಹುಟ್ಟೂರು ನರಗುಂದ ತಾಲೂಕಿನ ಶಿರೋಳ. ಅಲ್ಲಿಯ ಎರೆನೆಲದಲ್ಲಿ ಹಿಂಗಾರಿಗೆ ಬಿತ್ತಿ, ಮಣ್ಣಿನ ಹಸಿಯನ್ನೇ ನೆಚ್ಚಿ ಬೆಳೆಯುವ ಬಿಳಿಜೋಳವನ್ನುಂಡು ಬೆಳೆದವನು ನಾನು. ಮುಸುಕು ಹೊದ್ದ ತೆನೆಯ ಇನ್ನೊಂದು ಧಾನ್ಯಕ್ಕೆ ನಮ್ಮಲ್ಲಿ ಗೋವಿನಜೋಳವೆಂಬ ಪ್ರತ್ಯೇಕ ಹೆಸರುಂಟು. ಮನೆಮಾತಿನಲ್ಲಿ ಅದು ಗೊಂಜಾಳ. ಜೋಳವೆಂಬ ಬರಿಯ ಹೆಸರಿಗೆ ಅದೂ ಹಕ್ಕುದಾರನಾದೀತೆಂದು ನಾನೆಂದೂ ಎಣಿಸಿರಲಿಲ್ಲ.

ಉಪನ್ಯಾಸಕನಾಗಿ ಮೈಸೂರು ಸೀಮೆಯ ಕಾಲೇಜೊಂದನ್ನು ಸೇರಿದ ಮೊದಲ ವರ್ಷ. ಕರ್ಣನ ಸ್ವಾಮಿನಿಷ್ಠೆಯನ್ನು ಹೇಳುತ್ತ, ಹಳಗನ್ನಡ ಕಾವ್ಯ-ಶಾಸನಗಳಲ್ಲಿ ಬರುವ ‘ಜೋಳದ ಪಾಳಿ’ಯನ್ನು ವಿವರಿಸಿದೆ. ಒಡೆಯನ ಜೋಳವನ್ನುಂಡವನು ಪ್ರಾಣವಿತ್ತಾದರೂ ಆ ಋಣವನ್ನು ತೀರಿಸಬೇಕು. ನಡುವಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಸುಟ್ಟು ತಿನ್ನೋ ಜೋಳಕ್ಕೆ ಯಾರಾದ್ರೂ ಪ್ರಾಣ ಕೊಡ್ತಾರಾ ಸಾರ್?” ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕು, “ಪಂಪನ ತೆನೆಗೆ ಉಪ್ಪು-ಖಾರ ಸವರಿಕೊಟ್ಟವರು ಯಾರಪ್ಪಾ?” ಎಂದೆ. ಆತ ಕುಳಿತ. ಮರುದಿನದಿಂದ ಕಡೆಯ ಬೆಂಚು. ವರ್ಷವೆಲ್ಲ ತುಟಿ ಬಿಚ್ಚಲಿಲ್ಲ.

ಕೆಲವು ತಿಂಗಳ ಮೇಲೆ ನನ್ನ ತಾಯಿ ಊರಿನಿಂದ ಬಂದಳು. ರೊಟ್ಟಿಯಿಲ್ಲದೆ ಆಕೆಗೆ ಊಟವಿಲ್ಲ. ಬೀದಿಯ ಅಂಗಡಿಯಿಂದ ಜೋಳದ ಹಿಟ್ಟು ತಂದುಕೊಟ್ಟೆ. ಬಿಸಿನೀರು ಹಾಕಿ ನಾದಿದಳು, ತಟ್ಟಿದಳು, ಅಂಚು ಒಡೆಯಿತು. ಹಿಟ್ಟನ್ನು ಬೆಳಕಿಗೆ ಹಿಡಿದು, “ಇದು ಜ್ವಾಳದ ಹಿಟ್ಟಲ್ಲೋ ಯಪ್ಪಾ, ಗೊಂಜಾಳದ್ದು. ಅಂಗಡ್ಯಾಂವ ಮೋಸ ಮಾಡ್ಯಾನ” ಎಂದಳು. ಅಂಗಡಿಯವನು ಮೋಸ ಮಾಡಿರಲಿಲ್ಲ. ನಾನು ಜೋಳ ಕೇಳಿದ್ದೆ. ಅವನು ಜೋಳವನ್ನೇ ಕೊಟ್ಟಿದ್ದ. ಆ ಹುಡುಗನ ಮುಖ ನನಗೆ ನೆನಪಾದದ್ದು ಆಗ.

ಧಾರವಾಡದ ಕಡೆ ಚುರಮರಿ ಎಂದರೆ ಬರಿಯ ಮಂಡಕ್ಕಿ, ಮೈಸೂರಿನಲ್ಲಿ ಚುರುಮುರಿ ಎಂದರೆ ಅದಕ್ಕೆ ಈರುಳ್ಳಿ-ಖಾರ ಬೆರೆಸಿದ ತಿನಿಸು. ಇಂಥವನ್ನು ನಕ್ಕು ಮರೆಯಬಹುದು. ಜೋಳದ ಸಂಗತಿ ಹಾಗಲ್ಲ. 1492ರ ತರುವಾಯ ಅಮೆರಿಕದಿಂದ ಹೊರಟು ಲೋಕವನ್ನೆಲ್ಲ ಸುತ್ತಿದ ಹೊಸ ಧಾನ್ಯಕ್ಕೆ ನಮ್ಮವರು ಹಳೆಯ ಹೆಸರಿನ ಹಿಂದೆ ಮುಸುಕು, ಗೋವು, ಮೆಕ್ಕೆ ಎಂದು ಏನಾದರೊಂದನ್ನು ಸೇರಿಸಿ ಕರೆದರು. ಹಳೆಯ ಜೋಳ ನಿತ್ಯದ ಊಟವಾಗಿರುವಲ್ಲಿ ಆ ವಿಶೇಷಣ ಉಳಿಯಿತು. ರಾಗಿಯನ್ನುಣ್ಣುವ ಸೀಮೆಯಲ್ಲಿ ಅದು ಉದುರಿ, ಹೊಸಬನೇ ಜೋಳವಾದ. ಹತ್ತನೆಯ ಶತಮಾನದ ಪಂಪನಿಗೆ ಈ ಹೊಸಬನ ಸುಳಿವೇ ಇರಲಾರದು. ಇಂಗ್ಲಿಷರ ‘ಕಾರ್ನ್’ ಪದಕ್ಕೂ ಇದೇ ಗತಿ: ಇಂಗ್ಲೆಂಡಿನಲ್ಲಿ ಅದು ಸಾಮಾನ್ಯವಾಗಿ ಗೋದಿ, ಸ್ಕಾಟ್ಲೆಂಡಿನಲ್ಲಿ ಓಟ್ಸ್, ಅಮೆರಿಕದಲ್ಲಿ ನಮ್ಮ ಗೊಂಜಾಳ. ಬ್ರಿಟನ್ನಿನಲ್ಲಿ 1815ರಿಂದ 1846ರವರೆಗೆ ಬಡವರ ರೊಟ್ಟಿಯನ್ನು ತುಟ್ಟಿಯಾಗಿಸಿದ ಕಾರ್ನ್ ಕಾನೂನುಗಳನ್ನು ಓದುವಾಗ ಮುಸುಕಿನ ತೆನೆಯನ್ನು ನೆನೆಯುವ ವಿದ್ಯಾರ್ಥಿಗಳನ್ನು ನಾನು ಬಲ್ಲೆ. ಅವರನ್ನು ಕಂಡು ಈಗ ನಗುವುದಿಲ್ಲ.

‘ಜೋಳದ ಪಾಳಿ’ಯ ಪಾಠ ಬಂದಾಗಲೆಲ್ಲ ಈಚೆಗೆ ನಾನು ಮೊದಲು, ನಿಮ್ಮ ಮನೆಯಲ್ಲಿ ದಿನವೂ ಉಣ್ಣುವುದೇನು ಎಂದು ಕೇಳುತ್ತೇನೆ. ಆ ಹುಡುಗನ ಮನೆಯ ಧಾನ್ಯ ರಾಗಿ ಎಂದು ಅನಂತರ ತಿಳಿಯಿತು. “ಉಂಡ ರಾಗಿಯ ಋಣವಪ್ಪಾ” ಎಂದಿದ್ದರೆ ಕರ್ಣ ಅವನಿಗೆ ಅಂದೇ ಅರ್ಥವಾಗುತ್ತಿದ್ದ. ಕರೆದು ಹೇಳಬೇಕೆಂದುಕೊಳ್ಳುತ್ತಲೇ ವರ್ಷ ಕಳೆಯಿತು. ಅವನು ಪದವಿ ಮುಗಿಸಿ ಹೋದ.